ಹಿಂದಿನ ಕಿಟಕಿಯ ಚಿಲಕ

ಜನವರಿ 9

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಈ ಮೂರನೆಯದರಲ್ಲಿ ಕರೆಯುವುದನ್ನೇ ಬಿಟ್ಟಿದ್ದೇನೆ.

ನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ನೀವು ನಮ್ಮ ಮನೆಯ ಹಿಂದಿನ ಕಿಟಕಿಯಿಂದ ಒಳಗೆ ಬಂದಿರಿ. ನೀವು ನುಗ್ಗಿದ ಮನೆಗಳು ಹಲವಿರಬಹುದು, ಗುರುತಿಗೆಂದು ಹೇಳುತ್ತೇನೆ. ಶಾಲೆಯ ಸಮವಸ್ತ್ರ ಹೊಲಿಯುವವಳ ಮನೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಥಾನುಗಳು, ಒಳಕೋಣೆಯ ಮಂಚದ ಮೇಲೆ ಮಲಗಿದ್ದ ನನ್ನ ಅತ್ತೆ. ಅತ್ತೆಯನ್ನು ನೀವು ಮರೆತಿರಲಾರಿರಿ. ಸೊಂಟ ಮುರಿದು ನೆಲದ ಮೇಲೆ ಎರಡು ಗಂಟೆ ಬಿದ್ದಿದ್ದರು. ಕಾಲು ಎಡವಿ ಬಿದ್ದರೆಂದು ನಿಮ್ಮ ಹೇಳಿಕೆಯಲ್ಲಿದೆ.

ಕಪಾಟಿನಿಂದ ಏನು ಹೋಯಿತು ಎಂದು ಕೇಳಲು ನಾನು ಬರೆಯುತ್ತಿಲ್ಲ. ಕೇಳಬೇಕಿರುವುದು ಇನ್ನೊಂದು.

ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಒಬ್ಬಳು ಕೆಲಸಕ್ಕಿದ್ದಳು. ಬೆಳಿಗ್ಗೆ ಏಳಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಹೋಗುತ್ತಿದ್ದಳು. ನನ್ನ ಮಗಳು ಹುಟ್ಟಿದ ತಿಂಗಳೇ ಬಂದವಳು. ಮಗಳು ಮಾತು ಕಲಿತಾಗ ಅವಳನ್ನು ಚಿಕ್ಕಿ ಎಂದಳು, ಹಾಗಾಗಿ ನಮಗೆಲ್ಲ ಅವಳು ಚಿಕ್ಕಿಯೇ ಆದಳು. ನೀವು ಸಿಕ್ಕಿಬಿದ್ದ ಮೇಲೆ ಕೊಟ್ಟ ಹೇಳಿಕೆಯಲ್ಲಿ ‘ಕೆಲಸದವಳೇ ಸುಳಿವು ಕೊಟ್ಟಳು’ ಎಂದಿದೆಯಂತೆ. ಪೊಲೀಸರು ಬಂದು ನನ್ನನ್ನು ಕೇಳಿದರು. ಹಿಂದಿನ ಕಿಟಕಿಯ ಚಿಲಕ ಸಡಿಲವಾಗಿರುವುದು ಮನೆಯವರನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತು ಎಂದೆ. ನಾನು ಸುಳ್ಳು ಹೇಳಲಿಲ್ಲ. ಅವಳನ್ನು ಮೂರು ದಿನ ಠಾಣೆಯಲ್ಲಿ ಇಟ್ಟುಕೊಂಡು, ಸಾಕ್ಷಿ ಇಲ್ಲವೆಂದು ಬಿಟ್ಟರು. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಅವಳನ್ನು ಒಳಗೆ ಸೇರಿಸಲಿಲ್ಲ.

ಹೋದ ವಾರ ಮಗಳು ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ಚಿಕ್ಕಿಯನ್ನು ಕಂಡಳಂತೆ. ಇವಳು ಕೂಗಿದಳು. ಅವಳು ತಿರುಗಿ ನೋಡಿ, ಮುಂದಿನ ನಿಲ್ದಾಣದಲ್ಲೇ ಇಳಿದುಹೋದಳು. ಅದು ಅವಳು ಇಳಿಯುವ ಜಾಗವಲ್ಲ, ಅಲ್ಲಿ ಒಂದು ಪೆಟ್ರೋಲ್ ಬಂಕ್ ಬಿಟ್ಟರೆ ಏನೂ ಇಲ್ಲ. ಮನೆಗೆ ಬಂದ ಮಗಳು ಚೀಲ ಕೆಳಗಿಡದೆ ಕೇಳಿದಳು: “ಅಮ್ಮ, ಚಿಕ್ಕಿನೇ ಹೇಳಿದ್ದು ಅಂತ ನಿಂಗೆ ಖಂಡಿತ ಗೊತ್ತಾ?”

“ಗೊತ್ತು” ಎಂದೆ. ಅವಳು ನನ್ನ ಮುಖ ನೋಡುತ್ತಾ ನಿಂತೇ ಇದ್ದಳು.

ನನಗೆ ಬೇಕಿರುವುದು ಇಷ್ಟೇ. ಚಿಕ್ಕಿ ನಿಮಗೆ ಹೇಳಿದಳೇ, ಇಲ್ಲವೇ. ಉತ್ತರವನ್ನು ಲಕೋಟೆಯ ಮೇಲಿರುವ ಗುಂಡಿ-ದಾರದ ಅಂಗಡಿಯ ವಿಳಾಸಕ್ಕೆ ಕಳಿಸಿ. ನಾನು ಬರೆದಿರುವುದು ಮನೆಯವರಿಗೆ ಗೊತ್ತಿಲ್ಲ.

ಹೊಲಿಗೆಯವಳು


ಜನವರಿ 27

ಅಮ್ಮಾವರಿಗೆ,

ಪತ್ರ ತಲುಪಿತು. ನನಗೆ ಪತ್ರ ಬಂದು ಎರಡು ವರ್ಷವಾಗಿತ್ತು. ಕಚೇರಿಯ ಗುಮಾಸ್ತರು ನನ್ನ ನಂಬರನ್ನು ಎರಡು ಸಲ ಓದಿಕೊಂಡೇ ಕೈಗೆ ಕೊಟ್ಟರು.

ನಿಮ್ಮ ಮನೆ ನೆನಪಿದೆ. ನೀಲಿ ಬಟ್ಟೆಯೂ ನೆನಪಿದೆ.

ನೀವು ಕೇಳಿದ್ದನ್ನು ಎರಡು ಅಕ್ಷರದಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಹೇಳಿಕೆಯಲ್ಲಿ ಇರುವುದು ಇದೆ, ನ್ಯಾಯಾಲಯ ಅದನ್ನು ಓದಿ ಶಿಕ್ಷೆ ಕೊಟ್ಟಾಗಿದೆ. ಈಗ ಕೆದಕಿದರೆ ಯಾರಿಗೆ ಏನು ಬರುತ್ತದೆ? ನಿಮಗೆ ಉಪಯೋಗಕ್ಕೆ ಬರುವುದನ್ನು ಬರೆಯುತ್ತೇನೆ.

ನಾನು ವೆಲ್ಡಿಂಗ್ ಕೆಲಸದವನು. ಕಬ್ಬಿಣದ ಕೆಲಸ ಮಾಡುವವನಿಗೆ ಮನೆ ನೋಡಿದರೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಕಣ್ಣೇ ಹೇಳುತ್ತದೆ. ಜನ ಮುಂದಿನ ಬಾಗಿಲಿಗೆ ಮೂರು ಬೀಗ ಹಾಕುತ್ತಾರೆ, ಹಿಂದಿನ ಕಿಟಕಿಗೆ ಒಂದು ಸುತ್ತು ತಂತಿ. ಚಿಲಕದ ತಗಡಿಗೆ ಅರ್ಧ ಇಂಚಿನ ಸ್ಕ್ರೂ ಹೊಡೆಯುತ್ತಾರೆ, ಅದು ಬಣ್ಣವನ್ನೇ ದಾಟಿರುವುದಿಲ್ಲ. ಮೂರಿಂಚಿನದು ಹಾಕಿಸಿ, ಚೌಕಟ್ಟಿನ ಒಳಮರ ಹಿಡಿಯಬೇಕು. ಸರಳಿನ ಸ್ಕ್ರೂ ತಲೆ ಹೊರಗಡೆ ಕಾಣುತ್ತಿದ್ದರೆ ಅದು ಕಳ್ಳನಿಗೆ ಹಾಕಿಕೊಟ್ಟ ಮೆಟ್ಟಿಲು. ಹೂಕುಂಡದ ಕೆಳಗೆ ಕೀಲಿ ಇಡಬೇಡಿ, ನಾವು ಮೊದಲು ಎತ್ತುವುದೇ ಕುಂಡ. ‘ಗುರುವಾರ ಬರುತ್ತೇವೆ, ಹಾಲು ಬೇಡ’ ಎಂದು ಬಾಗಿಲಿಗೆ ಚೀಟಿ ಅಂಟಿಸುವವರೂ ಇದ್ದಾರೆ, ನಂಬುತ್ತೀರೋ ಇಲ್ಲವೋ. ಇನ್ನೊಂದು ಮಾತು. ನಾಯಿಗಿಂತ, ಬೀಗಕ್ಕಿಂತ ನಾನು ಹೆದರುತ್ತಿದ್ದದ್ದು ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಮುದುಕರಿಗೆ. ಹೋಗುವವರನ್ನೆಲ್ಲ “ಯಾರ ಮನೆಗಪ್ಪ?” ಎಂದು ಕೇಳುವ ಒಬ್ಬ ಮುದುಕ ಇದ್ದರೆ ಆ ಬೀದಿಯನ್ನೇ ಬಿಟ್ಟುಬಿಡುತ್ತಿದ್ದೆ.

ಅಜ್ಜಿ ಈಗ ಹೇಗಿದ್ದಾರೆ? ಕೋಲು ಹಿಡಿದು ಓಡಾಡುತ್ತಾರೆಯೇ?

ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಜೂನ್‌ನಲ್ಲಿ ಬಿಡುಗಡೆ ಸಮಿತಿ ಕೂರುತ್ತದೆ. ಶಿಕ್ಷೆ ಒಂಬತ್ತು ವರ್ಷ. ನಡತೆ ಚೆನ್ನಾಗಿದ್ದವರನ್ನು ಐದಕ್ಕೇ ಬಿಡುವುದುಂಟು. ನೊಂದ ಮನೆಯವರು ‘ನಮ್ಮ ತಕರಾರಿಲ್ಲ’ ಎಂದು ಒಂದು ಸಾಲು ಬರೆದುಕೊಟ್ಟರೆ ಬಹಳ ಬೆಲೆ ಇದೆ. ನನ್ನ ತಮ್ಮ ಇನ್ನು ಕಾಯಲಾರೆ ಎನ್ನುತ್ತಿದ್ದಾನೆ, ಅವನಿಗೆ ಮೂತ್ರಪಿಂಡದ ಕಾಯಿಲೆ. ನೀವು ಮನಸ್ಸು ಮಾಡಿದರೆ.

ಇಂತಿ,
ಕೈದಿ 318


ಫೆಬ್ರವರಿ 3

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಾಕುವುದು ಹೇಗೆಂದು ಕೊಳ್ಳೆ ಹೊಡೆದವನೇ ಪಾಠ ಹೇಳುವುದು ನಮ್ಮ ಮನೆಯಲ್ಲಿ ಮಾತ್ರವೇನೋ.

ನಿಮ್ಮ ಪಾಠ ನಮಗೆ ಬೇಕಿಲ್ಲ. ನಮ್ಮ ಮನೆಯ ಬಾಗಿಲಿಗೆ ಈಗ ನಾಲ್ಕು ಅಗುಳಿ, ಕಿಟಕಿಗೆ ಹೆಬ್ಬೆರಳು ದಪ್ಪದ ಸರಳು. ಮಗಳು ಸ್ನಾನಕ್ಕೆ ಹೋದರೆ ನಾನು ಹೊರಗೆ ಸ್ಟೂಲ್ ಹಾಕಿಕೊಂಡು ಕೂರಬೇಕು, ಹದಿನೈದು ವರ್ಷದ ಹುಡುಗಿ. ಅಂದು ಶಾಲೆಯಿಂದ ಬಂದು ಅಜ್ಜಿಯನ್ನು ಮೊದಲು ನೋಡಿದವಳು ಅವಳು. ಅದನ್ನು ನೀವು ಯಾವ ಸ್ಕ್ರೂ ಹಾಕಿ ಬಿಗಿ ಮಾಡುತ್ತೀರಿ?

ಅತ್ತೆಯ ವಿಷಯ ಕೇಳಬೇಡಿ.

ನಿಮಗೆ ಒಂದು ಕಾಗದ ಬೇಕು, ನನಗೆ ಒಂದು ಮಾತು ಬೇಕು. ಮೊದಲು ಮಾತು ಬರಲಿ. ನೀವು ಹೀಗೆ ಜಾರಿಕೊಂಡು ಬರೆದದ್ದನ್ನು ಓದಿದರೆ ಏನೋ ಮುಚ್ಚಿಡುತ್ತಿದ್ದೀರಿ ಎನ್ನಿಸುತ್ತದೆ. ಅವಳ ಮೇಲೆ ನಿಮಗೆ ಕನಿಕರವೇ? ಸುಳಿವು ಕೊಟ್ಟವಳನ್ನು ಈಗಲೂ ಕಾಪಾಡುತ್ತಿದ್ದೀರಾ? ನಾನು ನಾಲ್ಕು ವರ್ಷ ಇದನ್ನೇ ನಂಬಿಕೊಂಡು ಬಂದವಳು. ಅದು ಹೌದೆಂದಾದರೆ ಹೌದೆಂದು ಬರೆಯಲು ಯಾಕೆ ಹಿಂಜರಿಕೆ?

ಹೊಲಿಗೆಯವಳು


ಫೆಬ್ರವರಿ 20

ಅಮ್ಮಾವರಿಗೆ,

ಹೌದು. ಅವಳೇ ಹೇಳಿದ್ದು.

ಬೀದಿಯ ಕೊನೆಯ ನಲ್ಲಿಯ ಹತ್ತಿರ ಮಾತಾಡುತ್ತಾ ಬಾಯಿ ತಪ್ಪಿ ಹೇಳಿದಳು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನೀವು ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ನೀವು ಇಷ್ಟು ದಿನ ನಂಬಿದ್ದು ಸರಿಯೇ ಇತ್ತು, ಮನಸ್ಸು ಹಗುರ ಮಾಡಿಕೊಳ್ಳಿ.

ಮಗಳ ವಿಷಯ ಓದಿ ಬೇಜಾರಾಯಿತು. ಸ್ನಾನದ ಮನೆಯ ಬಾಗಿಲಿಗೆ ಒಳಗಿನಿಂದ ಹಾಕಿ ಹೊರಗಿನಿಂದಲೂ ತೆಗೆಯಬಹುದಾದ ಒಂದು ಬಗೆಯ ಕೊಂಡಿ ಸಿಗುತ್ತದೆ. ಕೀಲಿ ಅವಳ ಕೈಯಲ್ಲೇ ಇರಲಿ. ಮನೆಯ ಎಲ್ಲ ಅಗುಳಿಗಳನ್ನೂ ಅವಳಿಂದಲೇ ಒಮ್ಮೆ ಬಿಚ್ಚಿಸಿ, ಅವಳಿಂದಲೇ ಜೋಡಿಸಿ. ತಾನೇ ಹಾಕಿದ ಚಿಲಕವಾದರೆ ಮನುಷ್ಯನಿಗೆ ಸ್ವಲ್ಪ ನಂಬಿಕೆ ಬರುತ್ತದೆ. ಬಸ್ಸಿನಿಂದ ಇಳಿದಾಗ ಯಾರಾದರೂ ಹಿಂಬಾಲಿಸಿದಂತೆ ಅನ್ನಿಸಿದರೆ ಮನೆಗೆ ಬರುವುದು ಬೇಡ, ತೆರೆದಿರುವ ಯಾವುದಾದರೂ ಅಂಗಡಿಗೆ ಹೋಗಿ ನಿಲ್ಲಲಿ. ಹಿಂಬಾಲಿಸುವವನಿಗೆ ಮನೆ ತೋರಿಸಬಾರದು. ಇದನ್ನು ಖಂಡಿತ ಹೇಳಿಕೊಡಿ.

ಆ ಕಾಗದದ ವಿಷಯ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಜೂನ್ ಎರಡನೆಯ ವಾರ.

ಇಂತಿ,
ಕೈದಿ 318


ಮಾರ್ಚ್ 11

ನಿಮ್ಮ ಪತ್ರವನ್ನು ಅಂಗಡಿಯ ಗುಂಡಿ ಡಬ್ಬಿಗಳ ನಡುವೆ ನಿಂತೇ ಓದಿದೆ. ಅಂದು ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಯಾವ ಮಗ್ಗುಲಿಗೆ ಮಲಗಿದ್ದೆನೋ ಅದೇ ಮಗ್ಗುಲಲ್ಲಿದ್ದೆ. ನಿಮಗೆ ಕೃತಜ್ಞತೆ ಹೇಳಬೇಕಾಗಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಕೊಟ್ಟ ಮಾತಿನಂತೆ ಕಾಗದ ಇದರ ಜೊತೆಗಿದೆ. ‘ತಕರಾರಿಲ್ಲ’ ಎಂದು ಬರೆದು ಸಹಿ ಮಾಡಿದ್ದೇನೆ. ಮಗಳು ಮೊನ್ನೆ ಅಡುಗೆಮನೆಯ ಅಗುಳಿ ಬಿಚ್ಚಿ ಜೋಡಿಸಿದಳು. ಉಲ್ಟಾ ಜೋಡಿಸಿ, ನಕ್ಕು, ಮತ್ತೆ ಬಿಚ್ಚಿದಳು. ಅವಳು ನಕ್ಕು ಬಹಳ ದಿನವಾಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಚಿಕ್ಕಿಯ ವಿಷಯ ಹೇಳಿದಾಗ “ಕಳ್ಳ ಹೇಳಿದ್ನಾ?” ಎಂದು ಕೇಳಿ ಎದ್ದುಹೋದಳು.

ಒಂದು ಕಾಕತಾಳೀಯ ನೋಡಿ. ನಾನು ಬಟ್ಟೆ ಕೊಡುವ ಶಾಲೆಯ ಮುಖ್ಯೋಪಾಧ್ಯಾಯಿನಿ ಹೋದ ವಾರ ಕರೆದು ಕೇಳಿದರು. ಚಿಕ್ಕಿ ಅಲ್ಲಿ ಹಾಸ್ಟೆಲ್ ಅಡುಗೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ. “ನಿಮ್ಮನೇಲಿ ಇದ್ದೋಳಲ್ವಾ? ಹುಡುಗೀರು ಇರೋ ಜಾಗ, ನೀವು ಒಂದು ಮಾತು ಹೇಳಿದ್ರೆ ತಗೋತೀನಿ” ಎಂದರು. ಮೊದಲಾಗಿದ್ದರೆ ನನಗೇನೂ ಗೊತ್ತಿಲ್ಲ ಎಂದು ಜಾರಿಕೊಳ್ಳುತ್ತಿದ್ದೆ. ಈ ಸಲ ಗೊತ್ತಿತ್ತು. ನೀವು ಬರೆದದ್ದನ್ನು ಹೇಳಿದೆ. ಅವರು ಅರ್ಜಿಯನ್ನು ಮಡಚಿ ಮೇಜಿನ ಖಾನೆಗೆ ಹಾಕಿದರು.

ನೀವು ಮೊದಲ ಪತ್ರದಲ್ಲಿ ಅತ್ತೆಯ ವಿಷಯ ಕೇಳಿದ್ದಿರಿ. ಹೇಳಿಬಿಡುತ್ತೇನೆ. ಅವರು ಮತ್ತೆ ಎದ್ದು ಓಡಾಡಲಿಲ್ಲ. ಹದಿನಾಲ್ಕು ತಿಂಗಳು ಮಂಚದಲ್ಲೇ ಇದ್ದು, ಬೆನ್ನೆಲ್ಲ ಹುಣ್ಣಾಗಿ ಹೋದರು. ಮಗ್ಗುಲು ಬದಲಿಸಲು ಇಬ್ಬರು ಬೇಕು. ಮನೆಯವರು ಕಾರ್ಖಾನೆಗೆ ಹೋದರೆ ನಾನೊಬ್ಬಳೇ. ಚಿಕ್ಕಿ ಇದ್ದಿದ್ದರೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸಿದೆ, ಇದನ್ನು ಯಾರಿಗೂ ಹೇಳಿಲ್ಲ. ಕೊನೆಗೆ ಅವರಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. “ಕಿಟಕಿಯವನು ಬಂದಿದ್ದ, ಕಿಟಕಿಯವನು ಬಂದಿದ್ದ” ಎಂದು ಒಂದೇ ಸಮನೆ ಹೇಳುತ್ತಿದ್ದರು. “ಹೌದತ್ತೆ, ಕಿಟಕಿಯಿಂದಲೇ ಬಂದ, ಈಗ ಸಿಕ್ಕಿದಾನೆ” ಎಂದು ಕಿವಿಯಲ್ಲಿ ಕೂಗಿ ಸಮಾಧಾನ ಮಾಡುತ್ತಿದ್ದೆ. ಅಲ್ಲ ಎನ್ನುವಂತೆ ಕೈ ಆಡಿಸುತ್ತಿದ್ದರು.

ಇನ್ನು ನಾವು ಬರೆದುಕೊಳ್ಳುವ ಅಗತ್ಯವಿಲ್ಲ. ನಿಮ್ಮ ತಮ್ಮನಿಗೆ ಗುಣವಾಗಲಿ.

ಹೊಲಿಗೆಯವಳು


ಮೇ 2

ಅಮ್ಮಾವರಿಗೆ,

ಬರೆಯಬೇಡಿ ಎಂದಿದ್ದಿರಿ. ಏಳು ವಾರ ಬರೆಯಲಿಲ್ಲ.

ನಿದ್ದೆ ಬಂತು ಎಂದು ನೀವು ಬರೆದಿರಿ. ಅಂದಿನಿಂದ ನನಗೆ ಬಂದಿಲ್ಲ. ಅಜ್ಜಿ ಕೋಲು ಹಿಡಿದು ಓಡಾಡುತ್ತಿದ್ದಾರೆ ಎಂದೇ ನಾಲ್ಕು ವರ್ಷ ಅಂದುಕೊಂಡಿದ್ದೆ. ನೀವು ಸಿಟ್ಟಿಗೆ ಹೇಳುತ್ತಿಲ್ಲ, ಅವರು ಚೆನ್ನಾಗಿಯೇ ಇದ್ದಾರೆ ಎಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಬರೆದದ್ದು ಸುಳ್ಳು. ನಿಮಗೆ ಬೇಕಾದದ್ದು ‘ಹೌದು’ ಎಂದು ನನಗೆ ಅನ್ನಿಸಿತು, ನನಗೆ ಬೇಕಾದದ್ದು ನಿಮ್ಮ ಕಾಗದ. ನಲ್ಲಿಯ ಹತ್ತಿರ ಅವಳು ನನಗೆ ಏನೂ ಹೇಳಿಲ್ಲ. ಆ ಬೀದಿಯ ಕೊನೆಯಲ್ಲಿ ನಲ್ಲಿಯೇ ಇಲ್ಲ, ನಿಮಗೂ ಗೊತ್ತಿರಬೇಕಿತ್ತು. ಠಾಣೆಯಲ್ಲಿ “ಯಾರು ಹೇಳಿದ್ದು, ಕೆಲಸದವಳಾ?” ಎಂದು ಕೇಳುತ್ತಿದ್ದರು. ಹೌದೆನ್ನುವ ತನಕ ಅದೊಂದೇ ಪ್ರಶ್ನೆ. ಎರಡನೆಯ ದಿನ ಹೌದೆಂದೆ. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ.

ನನಗೆ ಹೇಳಿದ್ದು ನೀವು.

ಕಳ್ಳತನಕ್ಕೆ ಐದು ತಿಂಗಳ ಮೊದಲು ನಿಮ್ಮ ಪಕ್ಕದ ಮನೆಗೆ ಕಿಟಕಿಯ ಸರಳು ಹಾಕಲು ನಾಲ್ಕು ದಿನ ಬಂದಿದ್ದೆ. ಆಗ ಗಡ್ಡವಿತ್ತು, ಕಣ್ಣಿಗೆ ವೆಲ್ಡಿಂಗ್ ಕನ್ನಡಕ, ಬಾಯಿಗೆ ಬಟ್ಟೆ. ಠಾಣೆಯಲ್ಲಿ ನೀವು ನೋಡಿದ ಫೋಟೋದಲ್ಲಿ ತಲೆ, ಗಡ್ಡ ಎರಡೂ ಬೋಳಿಸಿದ್ದರು. ಮೂರನೆಯ ದಿನ ನೀವು ನಡುಗೋಡೆಯ ಹತ್ತಿರ ಬಂದು ನಿಮ್ಮ ಮನೆಗೂ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದಿರಿ. ಬಹಳ ಹೆದರಿದ್ದಿರಿ. ಆಚೆ ಬೀದಿಯಲ್ಲಿ ಯಾರದೋ ಮನೆಗೆ ನುಗ್ಗಿದ್ದರಂತೆ. “ಹಿಂದಿನ ಕಿಟಕಿ ಚಿಲಕ ಸಡಿಲ, ಒಂದು ತಳ್ಳು ತಳ್ಳಿದ್ರೆ ಬಂದ್ಬಿಡುತ್ತೆ. ಮೊದ್ಲು ಅದನ್ನ ನೋಡಿ” ಎಂದಿರಿ. ಯಾವಾಗ ಬರಲಿ ಎಂದೆ. “ಮಂಗಳವಾರ, ಶುಕ್ರವಾರ ಮಾತ್ರ ಬರ್ಬೇಡಿ. ಮೂರರಿಂದ ಐದು ನಾನು ಬಟ್ಟೆ ಕೊಡೋಕೆ ಶಾಲೆಗೆ ಹೋಗ್ತೀನಿ. ಅತ್ತೆ ಒಬ್ರೇ ಇರ್ತಾರೆ, ಬಾಗಿಲು ಬಡಿದ್ರೂ ಅವ್ರಿಗೆ ಕೇಳ್ಸಲ್ಲ” ಎಂದಿರಿ. ಆಮೇಲೆ ಒಳಗೆ ತಿರುಗಿ ಅಜ್ಜಿಗೆ ಕೂಗಿ ಹೇಳಿದಿರಿ: “ಇವ್ರು ಕಿಟಕಿಯವರು ಅತ್ತೆ, ನಮ್ಮ ಕಿಟಕೀನೂ ಸರಿ ಮಾಡ್ತಾರೆ.” ಅಜ್ಜಿ ಬಾಗಿಲಿಗೆ ಬಂದು ನನ್ನನ್ನು ನೋಡಿದರು.

ಆಗ ನಾನು ಕಳ್ಳನಾಗಿರಲಿಲ್ಲ, ನಿಜ ಹೇಳುತ್ತೇನೆ. ಕಿಟಕಿ ಸರಿ ಮಾಡಲೇಬೇಕೆಂದಿದ್ದೆ. ಆಮೇಲೆ ಕೆಲಸ ಹೋಯಿತು, ತಮ್ಮ ಆಸ್ಪತ್ರೆ ಸೇರಿದ. ನಿಮ್ಮ ಮಾತು ತಲೆಯಲ್ಲಿ ಹಾಗೇ ಉಳಿದಿತ್ತು.

ನೀವು ಮಾತಾಡುತ್ತಿದ್ದಾಗ ಒಳಗಿನಿಂದ ಒಬ್ಬಳು ಬಂದು ನಿಮ್ಮ ತೋಳು ಹಿಡಿದಳು. “ಅಕ್ಕಾ, ಒಳಗೆ ಬನ್ನಿ. ಹೊರಗಿನೋರ ಹತ್ರ ಮನೆ ವಿಚಾರ ಎಲ್ಲ ಯಾಕೆ?” ಎಂದಳು. ನೀವು ಅವಳನ್ನೇ ಗದರಿಸಿದಿರಿ. ಅವಳು ಹೋಗುವಾಗ ನನ್ನನ್ನು ಒಂದು ಸಲ ತಿರುಗಿ ನೋಡಿದಳು. ಅವಳೇ ನಿಮ್ಮ ಚಿಕ್ಕಿ ಇರಬೇಕು.

ಇನ್ನು ಅಜ್ಜಿಯದು. ಅವರು ಎಡವಿ ಬೀಳಲಿಲ್ಲ. ನಾನು ಕಪಾಟಿನ ಹತ್ತಿರ ಇದ್ದಾಗ ಎದ್ದು ಕೂತರು. ಕೂಗಲಿಲ್ಲ. “ಕಿಟಕಿಯವನಾ? ಈಗ ಬಂದ್ಯಾ? ಎಷ್ಟು ದಿನ ಆಯ್ತಪ್ಪ ಹೇಳಿ” ಎಂದು ಕಿಟಕಿ ತೋರಿಸಲು ಮಂಚದಿಂದ ಇಳಿದು ಬಂದರು. ಗುರುತು ಹಿಡಿದರಲ್ಲ ಎಂದು ನಾನು ತಳ್ಳಿದೆ. ಅವರ ಬುದ್ಧಿ ಸ್ಥಿಮಿತದಲ್ಲೇ ಇತ್ತು, ಅಮ್ಮ.

ನಿಮ್ಮ ಕಾಗದವನ್ನು ಸಮಿತಿಗೆ ಇನ್ನೂ ಕೊಟ್ಟಿಲ್ಲ, ಹಾಸಿಗೆಯ ಕೆಳಗಿದೆ. ಕೊಡುವುದಿಲ್ಲ ಎಂದು ಹೇಳುವಷ್ಟು ದೊಡ್ಡವನಲ್ಲ ನಾನು.

ಕೈದಿ 318


ಜುಲೈ 19

ನೀನು ಬರೆದದ್ದು ಸುಳ್ಳು ಎಂದುಕೊಂಡೆ. ಒಂದು ವಾರ ಹಾಗೆಂದುಕೊಂಡೇ ಇಪ್ಪತ್ತೆಂಟು ಅಂಗಿಗೆ ಕಾಲರ್ ಕೂರಿಸಿದೆ. ನಂತರ ಒಂದು ದಿನ ಕಾಜ ಹೊಲಿಯುತ್ತಿದ್ದಾಗ ನೆನಪಾಯಿತು. ವೆಲ್ಡಿಂಗ್ ಬೆಳಕು ನೋಡಬೇಡ, ಕಣ್ಣು ಹೋಗುತ್ತೆ ಎಂದು ಆ ನಾಲ್ಕು ದಿನ ಮಗಳನ್ನು ಕೂಡಿಹಾಕಿದ್ದೆ. ಚಿಕ್ಕಿ ತೋಳು ಹಿಡಿದದ್ದೂ ನೆನಪಾಯಿತು. “ನಿನ್ನ ಕೆಲಸ ನೀನು ನೋಡು” ಎಂದಿದ್ದೆ.

ಮೊದಲು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಪೂರ್ತಿ ಕೇಳಿ, “ಅಯ್ಯೋ, ಆ ಜಾಗಕ್ಕೆ ಏಪ್ರಿಲ್‌ನಲ್ಲೇ ಬೇರೆಯವ್ರನ್ನ ತಗೊಂಡ್ವಲ್ಲ” ಎಂದರು. ಠಾಣೆಗೆ ಹೋದೆ. ಹಳೆಯ ಅಧಿಕಾರಿ ಇಲ್ಲ. ಹೊಸಬರು ಚಹಾ ಕುಡಿಯುತ್ತಾ, “ಅವಳ ಮೇಲೆ ಕೇಸೇ ಇಲ್ವಲ್ಲಮ್ಮ. ಇಲ್ಲದ್ದನ್ನ ತೆಗೆದುಹಾಕಿ ಅಂದ್ರೆ ಹೇಗೆ?” ಎಂದರು. ಯಾವ ಪುಸ್ತಕದಲ್ಲೂ ಇಲ್ಲದ ಕಳಂಕವನ್ನು ಅಳಿಸಲು ಯಾವ ಕಚೇರಿಯಲ್ಲೂ ರಬ್ಬರ್ ಇಲ್ಲ. ನಿನ್ನ ಪತ್ರವನ್ನು ಕೈನೀಡಿ ತೆಗೆದುಕೊಂಡು, ಮೊಹರು ಹಾಕಿ, ರಸೀದಿ ಕೊಟ್ಟವರು ಒಬ್ಬರೇ: ಬಿಡುಗಡೆ ಸಮಿತಿಯವರು. ಕೊಟ್ಟೆ. ಅದರಿಂದ ನಿನಗೆ ಏನಾಗುತ್ತದೆ ಎಂದು ಗೊತ್ತಿದ್ದೇ ಕೊಟ್ಟೆ. ನೀನು ಅತ್ತೆಯನ್ನು ತಳ್ಳಿದ್ದು ಓದಿದ ಮೇಲೆ ಕೊಡದೆ ಇರಲಾಗಲಿಲ್ಲ.

ಆಮೇಲೆ ಚಿಕ್ಕಿಯ ಮನೆಗೆ ಹೋದೆ. ನಗರದ ಆಚೆ ತುದಿ, ಎರಡು ಬಸ್ಸು. ಒಂದೇ ಸಾಲಿನಲ್ಲಿ ಹತ್ತು ಕೋಣೆ, ಹೊರಗೆ ಆಸ್ಪತ್ರೆಯ ಹಸಿರು ಚಾದರಗಳು ಒಣಗುತ್ತಿದ್ದವು. ಅವಳು ಈಗ ಅವನ್ನು ಒಗೆಯುತ್ತಾಳೆ, ಕೈಬೆರಳ ಚರ್ಮ ಸುಲಿದಿದೆ. ಬೆರಳು ಕಾಣಿಸಿದ್ದು ಬಾಗಿಲ ಸಂದಿಯಲ್ಲಿ. ಒಳಗಿನಿಂದ ಸರಪಳಿ ಹಾಕಿತ್ತು, ಅವಳು ತೆಗೆಯಲಿಲ್ಲ.

ಎಲ್ಲವನ್ನೂ ಹೇಳಿದೆ. ಹೇಳಿದ್ದು ನಾನೇ ಎಂದೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

“ಇದನ್ನ ಯಾರು ಹೇಳಿದ್ದು ನಿಮಗೆ?” ಎಂದಳು.

“ಅವನೇ. ಜೈಲಿಂದ ಬರೆದ.”

“ನಾನು ಹೇಳಿದ್ದೆನಲ್ಲ ಅಕ್ಕ, ಅವತ್ತೇ. ನಿಮ್ಮ ಕಾಲು ಹಿಡಿದು ಹೇಳಿದೆ. ನಾನಲ್ಲ ಅಂತ.” ಬೆರಳು ಸರಪಳಿ ಹಿಡಿದಿತ್ತು. “ಹೇಳಿದ್ದು ನಾನೇ ಅಂತ ಕಳ್ಳ ಅಂದಾಗ ಅವನನ್ನ ನಂಬಿದ್ರಿ. ಈಗ ನಾನಲ್ಲ ಅಂದಾಗ್ಲೂ ಅವನನ್ನೇ ನಂಬಿದ್ರಿ. ನನ್ನನ್ನ ಯಾವಾಗ ನಂಬಿದ್ರಿ?”

ನಾನು ಹೊರಡಲು ಚೀಲ ಎತ್ತಿಕೊಂಡೆ.

“ಮಗು ಶಾಲೆಯಿಂದ ಒಬ್ಬಳೇ ಬರ್ತಾಳಾ?” ಎಂದು ಕೇಳಿದಳು. ಹೌದೆಂದೆ. “ಕತ್ತಲಾಗೋ ಮುಂಚೆ ಬರೋಕೆ ಹೇಳಿ” ಎಂದು ಬಾಗಿಲು ಮುಚ್ಚಿದಳು.

ಮನೆಯವರಿಗೂ ಹೇಳಿದ್ದೇನೆ. ಅವರು ನನ್ನ ಜೊತೆ ಮಾತಾಡುತ್ತಿಲ್ಲ. ಅವರ ತಾಯಿ ಹದಿನಾಲ್ಕು ತಿಂಗಳು ನಿಜವನ್ನೇ ಹೇಳುತ್ತಿದ್ದರು, ನಾವಿಬ್ಬರೂ ಮಂಚದ ಎರಡು ಬದಿ ಕೂತು ತಲೆಯಾಡಿಸಿದೆವು.


ಆಗಸ್ಟ್ 8

ಅಮ್ಮಾವರಿಗೆ,

ನೀವು ನನ್ನನ್ನು ‘ನೀನು’ ಎಂದಿರಿ. ಅದೇ ಸರಿ.

ಜೂನ್‌ನಲ್ಲಿ ಸಮಿತಿಯ ಮುಂದೆ ನಿಲ್ಲಿಸಿದರು. ನಿಮ್ಮ ಮಾರ್ಚ್ ತಿಂಗಳ ಕಾಗದವನ್ನು ನಾನು ಕೊಟ್ಟೆ. ಕೊಟ್ಟೇಬಿಟ್ಟೆ. ಅಧ್ಯಕ್ಷರು ನನ್ನ ಮೇ ತಿಂಗಳ ಪತ್ರವನ್ನು ತೆಗೆದು ಅದರ ಪಕ್ಕಕ್ಕಿಟ್ಟರು. “ಪೊಲೀಸ್ರಿಗೆ ಒಂದು ಹೇಳ್ತೀಯ, ಆ ಹೆಂಗಸಿಗೆ ಒಂದು ಬರೀತೀಯ, ಮತ್ತೆ ಇನ್ನೊಂದು ಬರೀತೀಯ. ನಿನ್ನ ಯಾವ ಮಾತನ್ನ ನಾವು ನಂಬಬೇಕು?” ಎಂದರು. “ಕೊನೇದು” ಎಂದೆ. ಕೊನೆಯದರಲ್ಲಿ ಅಜ್ಜಿಯನ್ನು ತಳ್ಳಿದ್ದೂ ಇತ್ತು. ಅರ್ಜಿ ವಜಾ. ಒಂಬತ್ತೂ ಪೂರ್ತಿ ಮುಗಿಸಬೇಕು. ಇನ್ನೊಂದು ಕೇಸು ಹಾಕಬಹುದು ಎಂದೂ ಹೇಳುತ್ತಾರೆ.

ಸುಳ್ಳು ಹೇಳುವುದಿಲ್ಲ, ಸಿಟ್ಟು ಬಂತು. ಮೂರು ದಿನ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ನಾನು ಬರೆದದ್ದು ನಿಮಗೆ, ಅವರಿಗಲ್ಲ. ಆಮೇಲೆ, ಬರೆದದ್ದನ್ನು ಇನ್ನೇನು ಮಾಡಬೇಕಿತ್ತು ನೀವು, ಡಬ್ಬಿಯಲ್ಲಿ ಹಾಕಿಡಬೇಕಿತ್ತೇ ಎಂದುಕೊಂಡೆ.

ತಮ್ಮ ಜುಲೈ ಇಪ್ಪತ್ತಾರಕ್ಕೆ ತೀರಿಕೊಂಡ. ಆರು ಗಂಟೆಯ ಮಟ್ಟಿಗೆ ಬಿಟ್ಟಿದ್ದರು, ಪೊಲೀಸರ ಜೊತೆ ಹೋಗಿ ಬಂದೆ.

ಚಿಕ್ಕಿಯವರಿಗೆ ನಾನೇ ಒಂದು ಪತ್ರ ಹಾಕಿದ್ದೆ, ಚಾದರ ಒಗೆಯುವವರಿಗೆ ಎಂದು ಬರೆದು ನಗರದ ದೊಡ್ಡಾಸ್ಪತ್ರೆಯ ವಿಳಾಸಕ್ಕೆ. ವಾಪಸು ಬಂತು. ಒಡೆದಿರಲಿಲ್ಲ.

ಕೈದಿ 318


ನವೆಂಬರ್ 23

ತಮ್ಮನ ವಿಷಯ ಓದಿದೆ. ಏನು ಬರೆಯಬೇಕೆಂದು ಮೂರು ತಿಂಗಳು ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಮೊನ್ನೆ ನಡೆದದ್ದನ್ನು ಬರೆಯುತ್ತೇನೆ. ನಿನಗೆ ಗೊತ್ತಿರಬೇಕು.

ಭಾನುವಾರ ಹತ್ತು ಗಂಟೆಗೆ ಚಿಕ್ಕಿ ಬಂದಳು. ಗೇಟಿನ ಹೊರಗೆ ನಿಂತು ಕರೆದಳು. ನಾನು ನಾಲ್ಕು ಅಗುಳಿ ತೆಗೆದು ಹೋಗುವ ಹೊತ್ತಿಗೆ ಮಗಳು ಕಿಟಕಿಯಿಂದ ನೋಡಿಯಾಗಿತ್ತು, ನನ್ನ ಹಿಂದೆಯೇ ಬಂದಳು.

“ನೀವು ಪೇಪರಲ್ಲಿ ಏನೂ ಬರ್ಕೊಡೋದು ಬೇಡ” ಎಂದಳು ಚಿಕ್ಕಿ. “ಈ ಬೀದೀಲಿ ಒಂಬತ್ತು ಮನೇಲಿ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ರು. ನನ್ನ ಜೊತೆ ಬನ್ನಿ. ಒಂಬತ್ತು ಮನೇಲೂ ನಿಮ್ಮ ಬಾಯಲ್ಲೇ ಹೇಳಿ.”

ಚಪ್ಪಲಿ ಹಾಕಿಕೊಂಡು ಹೊರಟೆ. ಮಗಳೂ ಬಂದಳು. ನಮ್ಮ ಬೀದಿಯಲ್ಲಿ ಈಗ ಯಾರೂ ಬೇಗ ಬಾಗಿಲು ತೆಗೆಯುವುದಿಲ್ಲ. ಮೊದಲು ಬಾಗಿಲಿನ ಇಣುಕು ಕಿಂಡಿಯಲ್ಲಿ ನೆರಳು, ಆಮೇಲೆ “ಯಾರು?”, ಆಮೇಲೆ ಅಗುಳಿ. ಪ್ರತಿ ಬಾಗಿಲಲ್ಲೂ ನಾವು ಮೂವರೂ ನಿಂತು ಕಾಯಬೇಕಾಯಿತು. ತೆರೆದ ಮೇಲೆ ನಾನು ಹೇಳಿದೆ: “ನಾಲ್ಕು ವರ್ಷದ ಹಿಂದೆ ಕಳ್ಳನಿಗೆ ಮನೆ ಸುಳಿವು ಕೊಟ್ಟೋಳು ಚಿಕ್ಕಿ ಅಲ್ಲ. ನಾನು.” ಮೊದಲ ಮನೆಯಲ್ಲಿ ಧ್ವನಿ ಹೊರಡಲಿಲ್ಲ. “ಜೋರಾಗಿ ಹೇಳಿ ಅಕ್ಕ” ಎಂದಳು ಚಿಕ್ಕಿ. ಜೋರಾಗಿ ಹೇಳಿದೆ.

ಮೂರನೆಯ ಮನೆಯ ನಿವೃತ್ತ ಗುಮಾಸ್ತರು “ಆಯ್ತು ಬಿಡಿ, ಹಳೇ ಕತೆ ಈಗ್ಯಾಕೆ?” ಎಂದರು. ಐದನೆಯ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಿಕ್ಕಿಯ ಕಡೆ ನೋಡದೆ ಬಾಗಿಲು ಹಾಕಿಕೊಂಡಳು. ಏಳನೆಯ ಮನೆ ತೆರೆಯಲೇ ಇಲ್ಲ. ಒಳಗೆ ಟಿವಿಯ ಸದ್ದು ನಿಂತಿತು, ಅಷ್ಟೆ. ನಾನು ಮುಚ್ಚಿದ ಬಾಗಿಲಿಗೇ ಹೇಳಿದೆ. ಎಂಟನೆಯ ಮನೆಯ ಮುದುಕಿ ಮಾತ್ರ ಚಿಕ್ಕಿಯ ಸುಲಿದ ಕೈ ಹಿಡಿದುಕೊಂಡು ಏನೋ ಹೇಳಲು ಹೋಗಿ ಅತ್ತುಬಿಟ್ಟಳು. ಚಿಕ್ಕಿ ಅಳಲಿಲ್ಲ. ಮಗಳು ಅವಳ ಚೀಲ ಹಿಡಿದುಕೊಂಡು ನಿಂತಿದ್ದಳು.

ಒಂಬತ್ತೂ ಮುಗಿದಾಗ ಹನ್ನೆರಡೂವರೆ. ಬಿಸಿಲಿತ್ತು. ನಮ್ಮ ಗೇಟಿನ ಮುಂದೆ ಬಂದಾಗ, “ಒಳಗೆ ಬಾ, ಒಂದು ಲೋಟ ನೀರಾದ್ರೂ ಕುಡಿದು ಹೋಗು” ಎಂದೆ. ಬಾಗಿಲು ತೆರೆದೇ ಇತ್ತು. ಅವಳು ಅಲ್ಲಿಂದಲೇ ಒಳಗೆ ನೋಡಿದಳು. ಯಂತ್ರ ಎಲ್ಲಿದೆ, ಮಂಚ ಎಲ್ಲಿತ್ತು, ಎಲ್ಲ ನೋಡಿದಳು.

“ಬೇಡ ಅಕ್ಕ” ಎಂದಳು. “ನಾಳೆ ಏನಾದ್ರೂ ಕಳೆದ್ರೆ?”

ಮಗಳ ಕೈಯಿಂದ ಚೀಲ ತೆಗೆದುಕೊಂಡು ಬಸ್ ನಿಲ್ದಾಣದ ಕಡೆಗೆ ಹೋದಳು.